ಆರ್ಜೂ ಅಳಿಸಿದ್ದ ದನಿ

ಸಬಾ ತನ್ನ ನಾದಿನಿಯನ್ನು ಒಮ್ಮೆಯೂ ನೋಡಿರಲಿಲ್ಲ. ಅವಳು ಜುಬೇರನನ್ನು ಮದುವೆಯಾಗಿ ಹಿರಿಯೂರಿನ ಆ ಮನೆಗೆ ಬರುವ ಹೊತ್ತಿಗೆ ಆರ್ಜೂ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆದರೆ ಆರ್ಜೂಳ ದನಿ ಅವಳಿಗೆ ಮೊದಲ ಬೆಳಗಿನಿಂದಲೇ ಗೊತ್ತು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ನಡುಮನೆಯಿಂದ ಕೇಳಿಸಿತು: "ಅಮ್ಮಿ, ಕಣ್ಣಿಗೆ ಡ್ರಾಪ್ಸ್ ಆಯ್ತಾ? ಆಗಿದ್ರೆ ಈಗ ಒಂದು ಹಾಡು. ಇದು ಅಬ್ಬಾ ಕಲಾಯಿ ಹಾಕ್ತಾ ಗುನುಗ್ತಿದ್ರಲ್ಲ, ಅದೇ." ಆಮೇಲೆ ಹಳೆಯ ಹಾಡೊಂದು ಶುರುವಾಯಿತು. ಮನೆಯಲ್ಲಿ ಇನ್ನೊಬ್ಬಳು ಹೆಂಗಸು ಇದ್ದಾಳೆಂದುಕೊಂಡು ಸಬಾ ಲೋಟ ಹಿಡಿದೇ ಇಣುಕಿ ನೋಡಿದ್ದಳು. ಅತ್ತೆ ಜಹೀರಾ ಒಬ್ಬರೇ ಗೋಡೆಗೊರಗಿ ಕೂತಿದ್ದರು. ಅವರ ಮಡಿಲಲ್ಲಿ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಒಂದು ಪ್ಲೇಯರ್, ಅದಕ್ಕೆ ಸಿಕ್ಕಿಸಿದ ಪುಟ್ಟ ಸ್ಪೀಕರ್.

ಜಹೀರಾ ಅವರಿಗೆ ಅರವತ್ತೆರಡು ವರ್ಷ. ಗಂಡ ಹಜರತ್ ಅಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಅವರು ಹೋದ ಮೇಲೆ ಜಹೀರಾ ಅವರ ಕಣ್ಣಿನ ಒತ್ತಡ ಹೆಚ್ಚಿ, ದೃಷ್ಟಿ ಅಂಚಿನಿಂದ ಕರಗುತ್ತಾ ಬಂದು, ಮೂರು ವರ್ಷದಲ್ಲಿ ಪೂರ್ತಿ ಕತ್ತಲಾಯಿತು. ಉಳಿದ ನೋವು ತಡೆಯಲು ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಹಾಕಬೇಕಿತ್ತು. ಆಗ ಮಗ ಜುಬೇರ್ ತುಮಕೂರಿನ ಒಂದು ವೆಲ್ಡಿಂಗ್ ಶಾಪಿನಲ್ಲಿದ್ದ. ಮನೆಯಲ್ಲಿದ್ದದ್ದು ತಾಯಿ ಮಗಳು ಇಬ್ಬರೇ. ಜಹೀರಾ ಗೋಡೆ ಮುಟ್ಟದೆ ಮನೆಯೆಲ್ಲ ಓಡಾಡುತ್ತಿದ್ದರು. "ಈ ಮನೇಲಿ ನಾನು ಕುರುಡಿ ಅಲ್ಲ. ಬೇರೆ ಕಡೆ ಕರ್ಕೊಂಡು ಹೋದ್ರೆ ಕುರುಡಿ" ಎನ್ನುತ್ತಿದ್ದರು.

ಟೀಚರ್ ಟ್ರೇನಿಂಗ್ ಮುಗಿಸಿ ಮನೆಯ ಜಗಲಿಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆರ್ಜೂ ಅಮ್ಮನಿಗಾಗಿ ಆ ಪ್ಲೇಯರ್ ತಂದಿದ್ದಳು. ಟಚ್ ಫೋನಿನ ನುಣುಪು ಗಾಜಿನ ಮೇಲೆ ಕಣ್ಣಿಲ್ಲದವರ ಬೆರಳು ಏನನ್ನು ಹುಡುಕೀತು? ಇದಕ್ಕೆ ಐದು ಗುಂಡಿಗಳಿದ್ದವು. ನಡುವಿನ ಗುಂಡಿಯ ಮೇಲೆ ಅವಳು ಉಗುರುಬಣ್ಣದ ಒಂದು ಹನಿ ಬಿಟ್ಟು ಒಣಗಿಸಿದ್ದಳು, ಬೆರಳಿಗೆ ಗುರುತು ಸಿಗಲೆಂದು. ಪ್ಲೇಯರಿನಲ್ಲೇ ದನಿ ಹಿಡಿಯುವ ಸೌಲಭ್ಯವಿತ್ತು. ಅದನ್ನು ಬಾಯಿಯ ಹತ್ತಿರ ಹಿಡಿದು ಪ್ರತಿ ಹಾಡಿಗೂ ಮುನ್ನ ಎರಡು ಮಾತು ಹೇಳುತ್ತಿದ್ದಳು. ಪೇಪರಿನ ಭಾನುವಾರದ ಕಥೆಗಳನ್ನು ಓದಿ ಹಾಕಿದ್ದಳು. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು ಎಂದು ತನ್ನ ಲ್ಯಾಪ್‌ಟಾಪಿನಲ್ಲಿ ಕೂತು ಸರದಿಗೆ ಜೋಡಿಸಿದ್ದಳು. ಒಟ್ಟು ನಾನೂರು ಚಿಲ್ಲರೆ.

ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ ಎಂಟು ದಿನ ಜ್ವರ, ಆಮೇಲೆ ಉಸಿರಾಟದ ತೊಂದರೆ. ಇಪ್ಪತ್ತೊಂಬತ್ತು ವರ್ಷದ ಆರ್ಜೂ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಜುಬೇರ್ ತುಮಕೂರು ಬಿಟ್ಟು ಬಂದು ಹಿರಿಯೂರಲ್ಲೇ ಗ್ರಿಲ್ ಕೆಲಸದ ಸಣ್ಣ ಶೆಡ್ ಹಾಕಿದ. ಆರ್ಜೂಳ ಲ್ಯಾಪ್‌ಟಾಪ್ ಅಟ್ಟದಲ್ಲಿತ್ತು. ಮರುವರ್ಷದ ಮಳೆಗೆ ಸೂರು ಸೋರಿ, ನೀರು ಕುಡಿದು ಕೆಟ್ಟಿತು. ಯಾರೂ ಅಷ್ಟೇನೂ ಹಚ್ಚಿಕೊಳ್ಳಲಿಲ್ಲ. ಇರುವುದೆಲ್ಲ ಪ್ಲೇಯರಿನಲ್ಲಿ ಇದೆಯಲ್ಲ ಎಂದುಕೊಂಡರು.

ಸಬಾ ಹೊಸದುರ್ಗದವಳು, ತೆಂಗಿನಕಾಯಿ ವ್ಯಾಪಾರದ ಶಾಕಿರ್ ಅವರ ಮಗಳು. ಪಿಯುಸಿವರೆಗೆ ಓದಿದ್ದಳು. ಅತ್ತೆ ಅವಳನ್ನು ಒಂದು ದಿನವೂ ಗದರಿದವರಲ್ಲ. ಆದರೆ ಪ್ಲೇಯರ್ ಮಾತಾಡುತ್ತಿರುವಾಗ ಸಬಾ ಊಟದ ತಟ್ಟೆ ಹಿಡಿದು ಬಂದರೆ, ತಡಿ ಎನ್ನುವಂತೆ ಕೈ ಎತ್ತುತ್ತಿದ್ದರು. ಆರ್ಜೂ ಮಾತು ಮುಗಿಸುವ ತನಕ ಸಬಾ ತಟ್ಟೆ ಹಿಡಿದೇ ನಿಂತಿರಬೇಕು. ಹಾಗೆ ನಿಂತಾಗ ಅವಳಿಗೆ ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು. ಸತ್ತವಳ ಮೇಲೆ ಸಿಟ್ಟೇ ಎಂದು ಮರುಕ್ಷಣ ತನ್ನ ಮೇಲೆ ತನಗೇ ನಾಚಿಕೆಯೂ ಆಗುತ್ತಿತ್ತು.

ಒಂದು ಬೆಳಿಗ್ಗೆ ಜಹೀರಾ ಪ್ಲೇಯರ್ ಆರಿಸಿ, ಯಾರಿಗೆ ಎಂದಿಲ್ಲದೆ ಹೇಳಿದರು: "ಇದ್ರಾಗಿನ ಕಥೆಯೆಲ್ಲ ಬಾಯಿಪಾಠ ಆಗ್ಬಿಟ್ಟೈತೆ. ಹೊಸದೇನಾದ್ರೂ ಇದ್ದಿದ್ರೆ ಚೆನ್ನಾಗಿರ್ತಿತ್ತು."

ಸಬಾ ಆ ಮಾತನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡಳು. ಬಟ್ಟೆ ಒಣಹಾಕುವ ನೆಪದಲ್ಲಿ ನಾಲ್ಕು ದಿನ ಮಾಳಿಗೆ ಹತ್ತಿ, ತನ್ನ ಫೋನಿನಲ್ಲಿ ಹನ್ನೆರಡು ಓದುಗಳನ್ನು ಹಿಡಿದಳು. ಮಾರಿಕಣಿವೆ ಡ್ಯಾಮಿಗೆ ನೀರು ಬರುತ್ತಿರುವ ಸುದ್ದಿ, ಎರಡು ಸಣ್ಣ ಕಥೆ, ಹೊಸದುರ್ಗದ ಕಡೆ ಮಾಡುವ ಕಾಯಿಹಾಲಿನ ಸಾರು. ಅತ್ತೆಗೆ ಮೊದಲೇ ಹೇಳಬಾರದು, ಗುಂಡಿ ಒತ್ತಿದಾಗ ತಾನಾಗಿ ಬರಬೇಕು ಎಂಬುದು ಅವಳ ಆಸೆ.

ಹಿಡಿದದ್ದು ಸುಲಭವಾಯಿತು. ಪ್ಲೇಯರಿಗೆ ಹಾಕುವುದೇ ಕಷ್ಟವಾಯಿತು. ಆ ಪ್ಲೇಯರ್ ಮಾಡಿದ ಕಂಪನಿಯದೇ ಒಂದು ಪ್ರೋಗ್ರಾಂ ಇತ್ತಂತೆ, ಅದರ ಮೂಲಕವೇ ಹಾಡು ಹಾಕಬೇಕು. ಕಂಪನಿ ಅದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಜುಬೇರ್ ಕೊಟೇಶನ್ ಬರೆಯಲೆಂದು ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ವೈರು ಚುಚ್ಚಿದರೆ, ಏನೋ ಸಿಕ್ಕಿದೆ ಎಂಬಂತೆ ಟಿಂಗ್ ಎಂದು ಸುಮ್ಮನಾಗುತ್ತಿತ್ತು. ಸಬಾ ಯೂಟ್ಯೂಬಿನಲ್ಲಿ ಹುಡುಕಿದಳು. ಬೇರೆ ಯಾರೋ ಮಾಡಿ ಪುಕ್ಕಟೆ ಬಿಟ್ಟ ಸಾಫ್ಟ್‌ವೇರ್ ಒಂದಿದೆ, ಅದರಿಂದ ಆಗುತ್ತದೆ ಎಂದು ಒಬ್ಬ ಹಿಂದಿಯಲ್ಲಿ ಹೇಳುತ್ತಿದ್ದ. ಅದನ್ನು ಇಳಿಸಿಕೊಂಡಳು.

ಮೊದಲ ದಿನ ಅದು ಪ್ಲೇಯರನ್ನು ಗುರುತೇ ಹಿಡಿಯಲಿಲ್ಲ. ಎರಡನೆಯ ದಿನ, ವೈರನ್ನು ಸ್ವಲ್ಪ ಓರೆಯಾಗಿ ಒತ್ತಿ ಹಿಡಿದರೆ ಹಿಡಿಯಿತು. ಆದರೆ ಆರ್ಜೂ ಕನ್ನಡದಲ್ಲಿ ಬರೆದಿದ್ದ ಹೆಸರುಗಳೆಲ್ಲ ಬರೀ ಚೌಕ ಚೌಕವಾಗಿ ಕಂಡವು. ಸಬಾ ತನ್ನ ಓದುಗಳನ್ನು ಎಳೆದು ಹಾಕಿದಳು, ಆಯಿತೆಂದು ತೋರಿಸಿತು, ಪ್ಲೇಯರಿನಲ್ಲಿ ನೋಡಿದರೆ ಏನೂ ಇಲ್ಲ. ತೆಗೆದು ಮತ್ತೆ ಹಾಕಿದಳು. ಮೂರನೆಯ ದಿನ ಅರ್ಧ ಹೋಗಿ ನಿಂತಿತು. ದಿನಾ ಜಹೀರಾ ಮಧ್ಯಾಹ್ನ ಮಲಗಿದ ಒಂದು ಗಂಟೆಯಷ್ಟೇ ಅವಳಿಗೆ ಸಿಗುತ್ತಿದ್ದದ್ದು. ಅವರು ಏಳುವಷ್ಟರಲ್ಲಿ ಪ್ಲೇಯರ್ ದಿಂಬಿನ ಪಕ್ಕ ಇರಬೇಕಿತ್ತು.

ನಾಲ್ಕನೆಯ ಮಧ್ಯಾಹ್ನ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಡಬ್ಬಿ ಮೂಡಿತು. ಈ ಪ್ಲೇಯರ್ ಬೇರೊಂದು ಕಂಪ್ಯೂಟರಿಗೆ ಸೇರಿದ್ದು ಎಂದೇನೋ ಇತ್ತು. ಕೆಳಗೆ ಎರಡು ಗುಂಡಿ: ಒಂದು ಬೇಡ ಎನ್ನುವುದು, ಇನ್ನೊಂದು ಸಿಂಕ್. ವಿಡಿಯೋದವನು ಸಿಂಕ್ ಅಂದರೆ ಎರಡೂ ಕಡೆ ಒಂದೇ ಥರ ಮಾಡುವುದು ಎಂದಿದ್ದ. ಅಲ್ಲಿಯದಕ್ಕೆ ಇಲ್ಲಿಯದು ಸೇರುತ್ತದೆ ಎಂದು ಸಬಾ ತಿಳಿದಳು. ವೈರು ಒತ್ತಿ ಹಿಡಿದಿದ್ದ ಹೆಬ್ಬೆರಳು ನೋಯುತ್ತಿತ್ತು. ಸಿಂಕ್ ಒತ್ತಿದಳು. ಹಸಿರು ಗೆರೆ ಎರಡು ನಿಮಿಷ ಓಡಿ ತುಂಬಿತು. ಹನ್ನೆರಡು ಎಂದು ತೋರಿಸಿತು. ಅಂತೂ ಹೋಯಿತಲ್ಲ ಎಂದು ಅವಳು ಖುಷಿಯಾಗಿ ಪ್ಲೇಯರನ್ನು ದಿಂಬಿನ ಪಕ್ಕ ಇಟ್ಟು ಬಂದಳು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಜಹೀರಾ ಗುಂಡಿ ಒತ್ತಿದರು. "ಅಸ್ಸಲಾಮು ಅಲೈಕುಂ ಅಮ್ಮಿ, ನಾನು ಸಬಾ" ಎಂದಿತು ಪ್ಲೇಯರ್. ಅಡುಗೆಮನೆಯ ಬಾಗಿಲಲ್ಲಿ ಸಬಾ ಉಸಿರು ಹಿಡಿದು ನಿಂತಿದ್ದಳು. ಜಹೀರಾ ತುಸು ನಕ್ಕರು. ಡ್ಯಾಮಿನ ಸುದ್ದಿಯನ್ನು ಪೂರ್ತಿ ಕೇಳಿದರು. ಆಮೇಲೆ ತಮ್ಮ ಸಂಜೆಯ ಹಾಡಿಗೆಂದು ಗುಂಡಿಯನ್ನು ಮೂರು ಸಲ ಒತ್ತಿದರು. ಸಬಾಳ ದನಿಯೇ ಬಂತು. ಮತ್ತೆ ಒತ್ತಿದರು. ಹತ್ತು, ಹನ್ನೊಂದು, ಹನ್ನೆರಡು. ಆಮೇಲೆ ತಿರುಗಿ, "ಅಸ್ಸಲಾಮು ಅಲೈಕುಂ ಅಮ್ಮಿ, ನಾನು ಸಬಾ."

ಜಹೀರಾ ಪ್ಲೇಯರನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. "ಸಬಾ, ಆರ್ಜೂ ಎಲ್ಲಿ?" ಎಂದು ಕೇಳಿದರು.

ಸಬಾ ಲ್ಯಾಪ್‌ಟಾಪಿನ ಹತ್ತಿರ ಓಡಿದಳು. ವೈರು ಚುಚ್ಚಿ ನೋಡಿದಳು. ಚೌಕಗಳಿಂದ ತುಂಬಿದ್ದ ಆ ಉದ್ದನೆಯ ಪಟ್ಟಿ ಇರಲಿಲ್ಲ. ಹನ್ನೆರಡು ಸಾಲು ಮಾತ್ರ ಇದ್ದವು.

ಜುಬೇರ್ ಬಂದವನು ವಿಷಯ ತಿಳಿದು ಲ್ಯಾಪ್‌ಟಾಪ್ ಮುಂದೆ ಅರ್ಧ ಗಂಟೆ ಕೂತ. ಆಮೇಲೆ ಹೆಂಡತಿಯ ಕಡೆ ನೋಡದೆ ಕೇಳಿದ: "ಬೇಕಂತ ಮಾಡ್ದೇನೆ?"

ತಟ್ಟೆ ಹಿಡಿದು ನಿಂತಾಗ ಬರುತ್ತಿದ್ದ ಸಿಟ್ಟು ಸಬಾಳಿಗೆ ನೆನಪಾಗಿತ್ತು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಆಕೀನ ಬೈಬ್ಯಾಡ. ಗೊತ್ತಿಲ್ದೆ ಆಗೈತೆ" ಎಂದು ಜಹೀರಾ ಒಳಗಿನಿಂದ ಹೇಳಿದರು. ಅಷ್ಟೇ. ಮರುದಿನದಿಂದ ಅವರು ಸರಿಯಾದ ಹೊತ್ತಿಗೆ ಊಟ ಮಾಡಿದರು, ಡ್ರಾಪ್ಸ್ ಹಾಕಿಸಿಕೊಂಡರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಸಬಾ ತಟ್ಟೆ ತಂದಾಗ ಈಗ ಯಾರೂ ಕೈ ಎತ್ತಿ ತಡೆಯುತ್ತಿರಲಿಲ್ಲ. ಆ ಮನೆಯಲ್ಲಿ ಅಷ್ಟು ಮೌನವಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಐದನೆಯ ದಿನ ಜಹೀರಾ ಒಲೆಯ ಪಕ್ಕದ ಗೂಡಿಗೆ ಭುಜ ತಾಗಿಸಿಕೊಂಡರು. ಅದಕ್ಕೂ ಮೊದಲು ಅವರು ಮನೆಯೊಳಗೆ ಎಲ್ಲಿಗೂ ತಾಗಿದ್ದನ್ನು ಸಬಾ ನೋಡಿರಲಿಲ್ಲ.

ಅಂದೇ ಅವಳು ಪ್ಲೇಯರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು. ಸಂತೇಪೇಟೆಯ ಹತ್ತಿರ ಗುರುರಾಜ್ ಎನ್ನುವವರು ಅಳಿಸಿಹೋದದ್ದನ್ನು ತೆಗೆದುಕೊಡುತ್ತಾರೆ ಎಂದು ಅವಳ ಗೆಳತಿ ಹೇಳಿದ್ದಳು. ಐವತ್ತು ದಾಟಿದ ಆಸಾಮಿ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಪ್ಲೇಯರನ್ನು ತಿರುಗಿಸಿ ತಿರುಗಿಸಿ ನೋಡಿ, ಗುಂಡಿಯ ಮೇಲಿನ ಉಗುರುಬಣ್ಣದ ಗುಬುಟನ್ನು ಬೆರಳಿನಿಂದ ಸವರಿದರು.

"ಕುಂತ್ಕಳ್ರಿ. ಅಳಿಸೋದು ಅಂದ್ರೆ ಮನೆ ಕೆಡವೋದಲ್ಲಮ್ಮ, ಬಾಗಿಲ ಮೇಲಿನ ನಂಬರ್ ಕೀಳೋದು ಅಷ್ಟೇ. ಹುಡುಕಿದ್ರೆ ಮನೆ ಸಿಗ್ತವೆ. ಆದ್ರೆ ಆ ಮನೆಗೆ ಬೇರೆಯವರು ಬಂದು ಸೇರ್ಕಂಡಿದ್ರೆ ಮುಗೀತು. ಎಷ್ಟು ಸಲ ಹಾಕಿ ತೆಗ್ದು ಮಾಡಿದ್ರಿ?"

ಸಬಾ ಎಣಿಸಲು ನೋಡಿದಳು. "ನಾಕು ದಿನ ಅದನ್ನೇ ಮಾಡಿದೀನಿ ಸಾರ್."

ಗುರುರಾಜ್ ಪ್ಲೇಯರನ್ನು ಇಟ್ಟುಕೊಂಡು, ಒಂದು ವಾರ ಬಿಟ್ಟು ಬರಲು ತಿಳಿಸಿದರು.

ವಾರದ ನಂತರ ಹೋದಾಗ ಅವರು ಕುರ್ಚಿ ಹತ್ತಿರಕ್ಕೆಳೆದು ಕೂತು, ಮೆಲ್ಲಗೆ ಮಾತಾಡಿದರು. "ಆ ಸಾಫ್ಟ್‌ವೇರು ಬರೇ ನಂಬರ್ ಕೀಳಲಿಲ್ಲಮ್ಮ, ಮೇಲೇ ಬರ್ಕಂಡು ಹೋಗೈತೆ. ಜೋಡಿಸಿಟ್ಟಿದ್ದ ಹಾಡು, ಕಥೆ ಒಂದೂ ಬರ್ಲಿಲ್ಲ. ಒಂದು ಮೂಲೇಲಿ ಒಂಬತ್ತು ತುಣುಕು ಸಿಕ್ಕಾವೆ. ಇವು ನೀವು ಅಳಿಸಿದ್ದಲ್ಲ. ಓದಿದ ಆ ಹುಡುಗೀನೇ ಹಿಂದೆ ಯಾವಾಗ್ಲೋ ಅಳಿಸಿದ್ದು. ತಪ್ಪು ಓದಿದ್ದು, ಕೆಮ್ಮು ಬಂದಿದ್ದು, ಬೇಡ ಅಂತ ಬಿಟ್ಟಿದ್ದು." ಒಂಬತ್ತನ್ನೂ ಹಾಕಿದ್ದ ಪ್ಲೇಯರನ್ನು ಅವಳ ಕೈಗಿಟ್ಟು ಸೇರಿಸಿದರು: "ಕೊನೇದು ನಾನು ಪೂರ್ತಿ ಕೇಳ್ಲಿಲ್ಲ. ಕೇಳೋ ಹಂಗಿರ್ಲಿಲ್ಲ. ನೀವೊಬ್ರೇ ಕೇಳ್ರಿ."

ಹಿರಿಯೂರಿನ ಬಸ್ಸಿನಲ್ಲಿ ಸಬಾ ಇಯರ್‌ಫೋನ್ ಹಾಕಿಕೊಂಡಳು. ಆರ್ಜೂ ಒಂದು ಕಥೆಯ ಮೊದಲ ವಾಕ್ಯವನ್ನು ಓದಿ ತಡವರಿಸಿ ನಗುತ್ತಾಳೆ. ಇನ್ನೊಂದರಲ್ಲಿ ಬೀದಿಯ ಸೊಪ್ಪಿನವಳು ಕೂಗಿ, "ಥೂ, ಹಾಳಾಯ್ತು" ಎನ್ನುತ್ತಾಳೆ. ಮತ್ತೊಂದರಲ್ಲಿ ಬರೀ ಸೀನು. ಎಂಟು ತುಣುಕು ಕೇಳುವಷ್ಟರಲ್ಲಿ ಸಬಾಳಿಗೆ ಈ ಹುಡುಗಿ ಮೊದಲ ಸಲ ಪರಿಚಯವಾದಂತಿತ್ತು. ತನ್ನಂತೆಯೇ ತಪ್ಪು ಓದುವವಳು.

ಒಂಬತ್ತನೆಯದು ಬಿರಿಯಾನಿ ಮಸಾಲೆಯ ಲೆಕ್ಕದಿಂದ ಶುರುವಾಗುತ್ತಿತ್ತು. ನಡುವೆ ದೂರದಿಂದ ಜಹೀರಾ ಅವರ ದನಿ: "ಆರ್ಜೂ, ಡ್ರಾಪ್ಸ್ ಟೈಮ್ ಆಯ್ತೇನೆ?" "ಬಂದೆ ಅಮ್ಮಿ." ಹೆಜ್ಜೆ ಸಪ್ಪಳ. ಪ್ಲೇಯರ್ ಆರಿಸಲು ಮರೆತಿದ್ದಳು. ಸುಮಾರು ಹೊತ್ತು ಫ್ಯಾನಿನ ಸದ್ದು. ಮತ್ತೆ ಹೆಜ್ಜೆ, ಯಾರೋ ನೆಲಕ್ಕೆ ಕುಸಿದು ಕೂತ ಸದ್ದು. ಆಮೇಲೆ ಆರ್ಜೂ ತಗ್ಗಿದ ದನಿಯಲ್ಲಿ ತನ್ನಷ್ಟಕ್ಕೆ ಮಾತಾಡಿದಳು.

"ತಾಳ್ಯದ ಶಾಲೆ ಆರ್ಡರ್ ಬಂದು ಇವತ್ತಿಗೆ ಹನ್ನೆರಡು ದಿನ. ಹದಿನೈದು ದಿನದೊಳಗೆ ಹೋಗಿ ಸೇರ್ಕಬೇಕು. ಅಲ್ಲೇ ಇರಬೇಕಂತೆ. ಹೇಳಿದ್ರೆ ಅಮ್ಮಿ ಹೋಗು ಅಂತಾಳೆ. ಹೋಗು ಅಂದು ಒಳಗೆ ಹೋಗಿ ಅಳ್ತಾಳೆ. ಈ ಮನೆ ಬಿಟ್ಟು ಬಾ ಅಂದ್ರೆ ಬರಲ್ಲ." ಮತ್ತೆ ಫ್ಯಾನಿನ ಸದ್ದು. "ಯಾರಾದ್ರೂ ಒಬ್ರು ಕೇಳಿದ್ರೆ ಸಾಕಾಗಿತ್ತು, ಆರ್ಜೂ, ನಿಂಗೇನು ಬೇಕೇ ಅಂತ." ಆಮೇಲೆ ಅಳುವೋ ನಗುವೋ ತಿಳಿಯದ ಒಂದು ಉಸಿರು. ಕಟ್.

ಸಬಾ ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದು ಕೂತಳು. ಆರ್ಜೂಗೆ ಕೆಲಸ ಸಿಕ್ಕಿತ್ತೆಂದು ಆ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಅವಳು ನೌಕರಿಗೆ ಅರ್ಜಿ ಹಾಕಿದ್ದಳು, ಆಗಲಿಲ್ಲ, ಅಮ್ಮನ ಜೊತೆ ಇರುವುದೇ ಅವಳಿಗೆ ಖುಷಿ ಎಂದು ಜುಬೇರ್ ಎಷ್ಟೋ ಸಲ ಹೇಳಿದ್ದ. ಇದನ್ನು ಅತ್ತೆಗೆ ಹೇಗೆ ಕೇಳಿಸುವುದು? ಕೇಳಿಸದಿದ್ದರೆ ಅಳಿಸಬೇಕು. ಒಮ್ಮೆ ತಿಳಿಯದೆ ಅಳಿಸಿದ ಕೈ, ಈಗ ತಿಳಿದೇ ಅಳಿಸುವುದೇ? ಐಮಂಗಲ ದಾಟಿದರೂ ಅವಳಿಗೆ ತೀರ್ಮಾನ ಸಿಗಲಿಲ್ಲ.

ಕೊನೆಗೆ ಎಂಟನ್ನು ಮಾತ್ರ ಕೇಳಿಸಿದಳು. ಜಹೀರಾ ಪ್ಲೇಯರನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು. ಸೀನಿದ್ದಕ್ಕೆ ತುಟಿ ಅಲುಗಿತು. "ಹಾಳಾಯ್ತು" ಎಂದದ್ದಕ್ಕೆ, "ಆ ಸೊಪ್ಪಿನ ಬರಗೇರಮ್ಮಂದು ಗಂಟಲು ಹಂಗೇ" ಎಂದರು. ಎಂಟನೆಯದು ಮುಗಿದ ಮೇಲೆ ಸ್ವಲ್ಪ ಕಾದರು.

"ಇಷ್ಟೇನಾ?"

"ಇಷ್ಟೇ ಅಮ್ಮಿ."

"ಒಂದೊಂದೇ ಹಾಕುವಾಗ ನಿನ್ನ ಬೆರಳು ಸರಾಗ ಇತ್ತು. ಈಗ ಉಸಿರು ಬಿಗಿ ಹಿಡ್ದೀಯ. ಇನ್ನೊಂದು ಐತೆ."

ಕಣ್ಣಿಲ್ಲದ ಆ ಮುಖದ ಮುಂದೆ ಸಬಾಳಿಗೆ ಸುಳ್ಳು ನಿಲ್ಲಿಸಲಾಗಲಿಲ್ಲ. "ಐತೆ. ಆದ್ರೆ ಅದು ಆರ್ಜೂ ಆಪಾ ನಿಮಗೆ ಅಂತ ಹೇಳಿದ್ದಲ್ಲ. ಅದಕ್ಕೇ ಅಳಿಸಿದ್ರು. ಕೇಳಿದ್ರೆ ನೋವಾಗ್ತೈತೆ ಅಮ್ಮಿ."

"ಹಾಕು."

ಫ್ಯಾನಿನ ಸದ್ದು ಬಂದಾಗ ಜಹೀರಾ ಕತ್ತು ಓರೆ ಮಾಡಿದರು. ಮಗಳ ಮಾತು ಪೂರ್ತಿ ಮುಗಿಯುವ ತನಕ ಅಲುಗಲಿಲ್ಲ. "ಇನ್ನೊಂದ್ಸಲ" ಎಂದರು. ಎರಡನೆಯ ಸಲ ಮುಗಿದ ಮೇಲೆ ಪ್ಲೇಯರನ್ನು ನೆಲದ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡರು.

"ನಂಗೆ ಗೊತ್ತಿತ್ತು ಸಬಾ."

ಸಬಾ ಅವರನ್ನೇ ನೋಡಿದಳು.

"ಆ ಕಾಗದ ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟಿದ್ದ. ಆರ್ಜೂ ನೀರು ಹಿಡಿಯಾಕೆ ಹೋಗಿದ್ಲು. ಹೆಬ್ಬೆಟ್ಟು ಒತ್ತಿಸ್ಕೊಂಡು, ಮಗಳಿಗೆ ವಸತಿ ಶಾಲೆ ನೌಕರಿ ಆದಂಗೈತೆ ಅಮ್ಮ, ತಾಳ್ಯದ ಕಡೆ ಅಂದ. ಆಕಿ ದಿಂಬಿನ ಕೆಳಗೆ ಇಟ್ಟು, ಯಾವ್ದೋ ಕಾಗದ ಬಂದೈತೆ ಅಂತಷ್ಟೇ ಹೇಳ್ದೆ. ಆಕಿ ಬಾಯಿಬಿಟ್ಟು ಹೇಳ್ಲಿ ಅಂತ ಕಾದೆ. ಕೇಳಬೋದಿತ್ತು, ಕೇಳ್ಲಿಲ್ಲ. ಹದಿನೈದು ದಿನ ಗಡುವು ಅಂತ ಪೋಸ್ಟ್‌ಮ್ಯಾನನ್ನೇ ಇನ್ನೊಂದಿನ ನಿಲ್ಲಿಸಿ ತಿಳ್ಕಂಡೆ. ಹದಿನಾರನೇ ದಿನ ನಂಗೆ ಸಮಾಧಾನ ಆಯ್ತು. ಇನ್ನು ಹೋಗಲ್ಲ ಅಂತ. ಅವತ್ತು ಆಕಿ ಕೈಲೇ ಖೀರು ಮಾಡಿಸ್ದೆ. ಏನು ವಿಶೇಷ ಅಮ್ಮಿ ಅಂದ್ಲು. ಸುಮ್ನೆ ತಿನ್ನಂಗಾಯ್ತು ಅಂದೆ."

ಅವರು ಅಳಲಿಲ್ಲ. ಸಬಾ ಅತ್ತಳು. ಜಹೀರಾ ಕೈ ಚಾಚಿ ಅವಳ ಮೊಣಕಾಲು ಸಿಕ್ಕಿದ ಮೇಲೆ ಅಲ್ಲೇ ಇಟ್ಟರು. "ನೀ ಅಳಿಸಿದ್ದು ತಿಳೀದೆ. ನಿಂದೇನೂ ತಪ್ಪಿಲ್ಲ. ಜುಬೇರ್‌ಗೆ ಇದನ್ನ ಹೇಳ್ಬ್ಯಾಡ. ತನ್ನ ತಂಗೀನ ನಾನು ಕಟ್ಟಿಹಾಕಿದ್ದೆ ಅಂತ ಆತ ತಿಳ್ಕೊಳ್ಳಾದು ಬ್ಯಾಡ."

ಸಬಾ ಹೇಳಲಿಲ್ಲ. ತಿಂಗಳು ಕಳೆಯಿತು. ಜಹೀರಾ ಆ ಒಂಬತ್ತನೆಯದನ್ನು ಒಬ್ಬರೇ ಇರುವಾಗ ಕೇಳುತ್ತಿದ್ದರು. ಬಾಗಿಲ ಸಂದಿಯಿಂದ ಆ ತುಣುಕಿನ ಫ್ಯಾನಿನ ಸದ್ದು ಕೇಳಿಸಿದರೆ ಸಬಾ ಮತ್ತೆ ಹೊರಗೇ ಹೋಗಿ ನಿಲ್ಲುತ್ತಿದ್ದಳು. ಜಹೀರಾ ಅವರ ಊಟ ಕಡಿಮೆಯಾಯಿತು. ಒಂದು ದಿನ ಜುಬೇರ್ ಶೆಡ್ಡಿಗೆ ಹೋದ ಮೇಲೆ ಅವರೇ ಬುರ್ಖಾ ಕೇಳಿ ಹಾಕಿಕೊಂಡು, "ತಾಳ್ಯಕ್ಕೆ ಹೋಗಾಣ. ಒಂದ್ಸಲ ಆ ಶಾಲೆ ಕೇಳಿ ಬರ್ತೀನಿ" ಎಂದರು. ನೋಡಿ ಬರುತ್ತೇನೆ ಎನ್ನಲಿಲ್ಲ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಹೊಳಲ್ಕೆರೆ, ಅಲ್ಲಿಂದ ಇನ್ನೊಂದು ಬಸ್ಸು. ಎಂಟು ವರ್ಷದಿಂದ ಆಸ್ಪತ್ರೆಗಲ್ಲದೆ ಎಲ್ಲಿಗೂ ಹೋಗದ ಜಹೀರಾ ಪ್ರತಿ ಮೆಟ್ಟಿಲಿಗೂ ಹೆದರಿದರು. ಹೊಳಲ್ಕೆರೆಯಲ್ಲಿ ಒಬ್ಬನ ಚೀಲ ತಾಗಿ ಮುಗ್ಗರಿಸಿದರು. ಸಬಾಳ ತೋಳನ್ನು ಅವರು ಹಿಡಿದ ಜಾಗ ಕೆಂಪಾಗಿತ್ತು.

ಶಾಲೆ ತಾಳ್ಯದಿಂದ ಆಚೆ, ಜೋಳದ ಹೊಲಗಳ ನಡುವೆ. ಹೆಣ್ಣುಮಕ್ಕಳ ವಸತಿ ಶಾಲೆ. ಊಟದ ವೇಳೆ. ತಟ್ಟೆಗಳ ಸದ್ದು, ನಲ್ಲಿಯ ಹತ್ತಿರ ಹುಡುಗಿಯರ ಗಲಾಟೆ. ಗೇಟಿನಲ್ಲಿ ವಿಚಾರಿಸಿದಾಗ ಒಬ್ಬ ಟೀಚರ್ ಹೊರಗೆ ಬಂದರು. ಮೂವತ್ತೈದರ ಆಸುಪಾಸಿನವರು, ಹೆಸರು ರಮ್ಯಾ, ಕನ್ನಡ ಪಾಠ ಮಾಡುವವರು. ಯಾರ ಮಗುವನ್ನು ನೋಡಲು ಬಂದಿರಿ ಎಂದು ಕೇಳಿದರು.

"ಯಾರನ್ನೂ ಅಲ್ಲಮ್ಮ. ಆರೇಳು ವರ್ಷದ ಹಿಂದೆ ನನ್ನ ಮಗಳಿಗೆ ಇಲ್ಲಿ ಕೆಲಸ ಆಗಿತ್ತು. ಬರಲಿಲ್ಲ. ಈಗ ಇಲ್ಲ ಆಕಿ. ಹೆಂಗೈತೆ ಜಾಗ ಅಂತ ಬಂದ್ವಿ" ಎಂದರು ಜಹೀರಾ.

ರಮ್ಯಾ ಗೇಟನ್ನು ಪೂರ್ತಿ ತೆರೆದರು. "ನಾನು ಬಂದಾಗ, ಹಿಂದೆ ಆರ್ಡರ್ ಆದೋರು ಸೇರ್ಲೇ ಇಲ್ಲ, ಒಂದು ವರ್ಷ ಹುದ್ದೆ ಖಾಲಿ ಇತ್ತು ಅಂತಿದ್ರು. ಬಿಸಿಲಾಗೆ ನಿಂತ್ರಲ್ಲ, ಬರ್ರಿ, ರೂಮಿಗೆ ಹೋಗಾಣ. ಇಲ್ಲೇ ಹಿಂದೆ ಐತೆ."

ಶಿಕ್ಷಕಿಯರ ಕೋಣೆಗಳು ಒಂದು ಸಾಲಿನಲ್ಲಿದ್ದವು. ರಮ್ಯಾ ಬಾಗಿಲು ತಳ್ಳಿ, "ಅಮ್ಮಾ, ಯಾರೋ ಬಂದಾರೆ, ಟೀ ಇಡು" ಎಂದರು. ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಮಣಿಕಟ್ಟಿನ ನೀರು ಒರೆಸಿಕೊಳ್ಳುತ್ತಾ ಬಂದರು.

"ಇವರು ನಮ್ಮಮ್ಮ, ಮಂಗಳಾ ಅಂತ. ನನ್ನ ಜೊತೆಗೇ ಇರೋದು."

ಜಹೀರಾ ನಿಂತಲ್ಲೇ ನಿಂತರು. "ತಾಯಿನ ಇಟ್ಕೊಳ್ಳಾಕೆ ಬಿಡ್ತಾರೇನಮ್ಮ ಇಲ್ಲಿ?"

"ಮೊದಲಿಂದ್ಲೂ ಬಿಡ್ತಾರೆ. ಕೇಳಿದ್ರೆ ಇಲ್ಲ ಅನ್ನಲ್ಲ" ಎಂದರು ರಮ್ಯಾ. ಹೇಳಿದ ಮೇಲೆ ಅವರಿಗೆ ಏನೋ ಹೊಳೆದಂತಾಗಿ ಸಬಾಳ ಮುಖ ನೋಡಿದರು.

ಜಹೀರಾ ಸಬಾಳ ತೋಳು ಬಿಟ್ಟು ಗೋಡೆ ಮುಟ್ಟಿದರು. ಗೋಡೆ ಹಿಡಿದು ನಿಧಾನವಾಗಿ ಕೋಣೆಯನ್ನು ಒಂದು ಸುತ್ತು ಬಂದರು. ಕಿಟಕಿ, ಕಬ್ಬಿಣದ ಮಂಚ, ಪುಸ್ತಕದ ಕಪಾಟು, ಸ್ಟೌ ಇಟ್ಟ ಕಲ್ಲು, ಬಚ್ಚಲಿನ ಹೊಸ್ತಿಲು. ಅವರ ದಾರಿಯಲ್ಲಿದ್ದ ಬಕೆಟ್ಟನ್ನು ಮಂಗಳಾ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದರು. ಬಾಗಿಲಿಗೆ ವಾಪಸು ಬಂದ ಜಹೀರಾ, "ಸಣ್ಣ ರೂಮು. ನಾಕು ದಿನದಾಗೆ ರೂಢಿ ಆಗ್ತಿತ್ತು" ಎಂದರು.

ಟೀ ಕುಡಿಯುವಾಗ ಜಹೀರಾ ಅವರ ಪಕ್ಕ ಕೂತ ಮಂಗಳಾ, ಮಗಳು ಹೇಗಿದ್ದಳು ಎಂದು ಕೇಳಿದರು. ಜಹೀರಾ ಹೇಳಿದರು. ತಪ್ಪು ಓದಿದರೆ ತಾನೇ ನಗುತ್ತಿದ್ದಳು ಎಂದರು, ಸೀನಿದರೆ ಮೂರು ಸಲ ಸೀನುತ್ತಿದ್ದಳು ಎಂದರು. ಗಂಟೆ ಹೊಡೆದು, ಹುಡುಗಿಯರು ಒಟ್ಟಾಗಿ ಒಂದು ಪದ್ಯ ಹೇಳತೊಡಗಿದಾಗ ಮಾತು ನಿಲ್ಲಿಸಿ, ಅದು ಮುಗಿಯುವ ತನಕ ಲೋಟ ಹಿಡಿದೇ ಕೂತರು. ಟೀ ಆರಿಹೋಯಿತು.

ವಾಪಸು ಬರುವಾಗ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಜಹೀರಾ ಅವಳ ಕಡೆ ತಿರುಗಿದರು.

"ಸಬಾ, ನಿಂಗೆ ಏನಾದ್ರೂ ಬೇಕು ಅನ್ನಿಸಿದ್ರೆ ನೀನೇ ಬಾಯಿಬಿಟ್ಟು ಹೇಳ್ಬೇಕು. ನಾನು ಕೇಳ್ತೀನಿ ಅಂತ ಕಾಯಬ್ಯಾಡ. ನಾನು ಕೇಳಲ್ಲ. ನನ್ನ ಗುಣ ಅದು. ಈ ವಯಸ್ಸಿಗೆ ಬದಲಾಗಲ್ಲ."

ಸಬಾಳಿಗೆ ಆ ಕ್ಷಣಕ್ಕೆ ಏನು ಬೇಕೆಂದು ಹೊಳೆಯಲಿಲ್ಲ. "ಹೂಂ ಅಮ್ಮಿ" ಎಂದಳು.

"ಹೂಂ ಅಂದು ಸುಮ್ಮನಾಗಬ್ಯಾಡ. ಆಕೀನೂ ಎಲ್ಲದಕ್ಕೂ ಹೂಂ ಅಂತಿದ್ಲು."

ಚಿತ್ರದುರ್ಗದ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಸಬಾ ಅತ್ತೆಯ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು. ಹಿಂದಿನ ಸಾಲಿನಲ್ಲಿ ಇಬ್ಬರಿಗೆ ಜಾಗ ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ಜಹೀರಾ ಮುಂದಿನ ಸೀಟಿನ ಕಬ್ಬಿಣಕ್ಕೆ ಹಣೆ ಊರಿದರು. ಭುಜ ಅಲುಗತೊಡಗಿತು. ಮೂರು ವರ್ಷದಲ್ಲಿ ಅವರು ಅತ್ತದ್ದನ್ನು ಸಬಾ ಕಂಡದ್ದು ಅದೇ ಮೊದಲು. ಏನು ಹೇಳಿದರೂ ಸುಳ್ಳಾಗುತ್ತಿತ್ತು. ಅವಳು ಅವರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು, ಚಿತ್ರದುರ್ಗ ಬರುವ ತನಕ ತೆಗೆಯದೆ ಕೂತಳು.